ಪಿಯುಸಿ ಜೊತೆಗೆ ಇನ್ನಾವ ಪರೀಕ್ಷೆ?

ದ್ವಿತೀಯ ಪಿಯುಸಿ ಕಾಮರ್ಸ್‌ಗೆ ಬಂದರೆ ಸಾಕು, ಎಲ್ಲರ ಬಾಯಲ್ಲೂ ಸಿಎ, ಸಿಎಸ್, ಸಿಎಂಎ, ಸಿಯುಇಟಿ. ಗೆಳತಿಯರು ಹಾಕುತ್ತಾರೆಂದು ನಾನೂ ನಾಲ್ಕಕ್ಕೂ ಅರ್ಜಿ ಹಾಕಲು ಹೊರಟಿದ್ದೆ. ಫೀಸು ಕಟ್ಟಬೇಕಾದ ಅಬ್ಬಾ, "ಇದರಲ್ಲಿ ನಿನಗೆ ಬೇಕಾದ್ದು ಯಾವುದು ಬೇಟಾ?" ಎಂದರು. ಉತ್ತರ ಇರಲಿಲ್ಲ. ಅಂದು ರಾತ್ರಿ ಕ್ಯಾಲೆಂಡರ್ ಹಿಡಿದು ಕುಳಿತೆ.

ಸಿಎ ಫೌಂಡೇಶನ್ 2024ರಿಂದ ವರ್ಷಕ್ಕೆ ಮೂರು ಸಲ ನಡೆಯುತ್ತಿದೆ. ಹತ್ತನೇ ತರಗತಿ ಮುಗಿಸಿದವರು ನೋಂದಣಿ ಮಾಡಿಸಬಹುದು, ಆದರೆ ಪರೀಕ್ಷೆಗೆ ಕೂರುವುದು ಪಿಯುಸಿ ಪರೀಕ್ಷೆ ಬರೆದ ನಂತರವೇ. ಮೇ ಪರೀಕ್ಷೆಗೆ ಜನವರಿ 1ರೊಳಗೆ, ಸೆಪ್ಟೆಂಬರ್ ಪರೀಕ್ಷೆಗೆ ಮೇ 1ರೊಳಗೆ ನೋಂದಣಿ ಆಗಿರಬೇಕು. ಅಕೌಂಟಿಂಗ್, ಬಿಸಿನೆಸ್ ಲಾ, ಗಣಿತ ಮತ್ತು ಸಂಖ್ಯಾಶಾಸ್ತ್ರದ ಪತ್ರಿಕೆ, ಅರ್ಥಶಾಸ್ತ್ರ ಎಂದು ನಾಲ್ಕು ಪತ್ರಿಕೆಗಳು, ತಲಾ 100 ಅಂಕ. ಪ್ರತಿಯೊಂದರಲ್ಲೂ 40, ಒಟ್ಟು 200 ಬರಬೇಕು. ಮೂರರಲ್ಲಿ 70 ತೆಗೆದು ಒಂದರಲ್ಲಿ 38 ಬಂದರೆ ಒಟ್ಟು 248 ಆದರೂ ಫೇಲ್, ಮತ್ತೆ ನಾಲ್ಕನ್ನೂ ಬರೆಯಬೇಕು. ನಾಲ್ಕರಲ್ಲೂ 40 ಬಂದರೂ ಫೇಲೇ, ಏಕೆಂದರೆ ಒಟ್ಟು 160. ಕೊನೆಯ ಎರಡು ಪತ್ರಿಕೆಗಳಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಬರೆಯುವ ಭಾಷೆ ಇಂಗ್ಲಿಷ್ ಅಥವಾ ಹಿಂದಿ ಮಾತ್ರ. ಕಾನೂನಿನ ಪತ್ರಿಕೆಯಲ್ಲಿ ವಾಕ್ಯ ಕಟ್ಟಿ ಬರೆಯಬೇಕಾದ್ದರಿಂದ ಕನ್ನಡ, ಉರ್ದು ಮಾಧ್ಯಮದಿಂದ ಬಂದವರಿಗೆ ಇದೇ ದೊಡ್ಡ ತೊಡಕು ಎಂದು ನನಗನಿಸುತ್ತದೆ.

ಸಿಯುಇಟಿಯಲ್ಲಿ ಆ ತೊಡಕಿಲ್ಲ. ಅದು 13 ಭಾಷೆಗಳಲ್ಲಿದೆ, ಕನ್ನಡ, ಉರ್ದು ಎರಡೂ ಸೇರಿವೆ. ನಾವು ಓದುವ ಎನ್‌ಸಿಇಆರ್‌ಟಿ ಅಕೌಂಟೆನ್ಸಿಯೇ ಅಲ್ಲಿಗೂ ಆಗುತ್ತದೆ. ಕಲಬುರಗಿ ಜಿಲ್ಲೆಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ದೆಹಲಿ ವಿಶ್ವವಿದ್ಯಾಲಯಗಳಿಗೆ ಇದೇ ದಾರಿ. ಅಲಿಗಢ ಮತ್ತು ಜಾಮಿಯಾ ಮಾತ್ರ ಕೆಲವೇ ಕೋರ್ಸ್‌ಗಳಿಗೆ ಇದರ ಅಂಕ ನೋಡುತ್ತವೆ, ಉಳಿದವಕ್ಕೆ ತಮ್ಮದೇ ಪ್ರವೇಶ ಪರೀಕ್ಷೆ ಇಟ್ಟಿವೆ. ಆದರೆ ಊರು ಬಿಟ್ಟು ಹಾಸ್ಟೆಲ್‌ಗೆ ಕಳುಹಿಸುತ್ತೀರಾ ಎಂದು ಮನೆಯಲ್ಲಿ ಮೊದಲೇ ಕೇಳಿ. ಹುಡುಗಿಯರಂತೂ ಫೀಸು ಕಟ್ಟುವ ಮುಂಚೆಯೇ ಕೇಳಬೇಕು, ಸೀಟು ಸಿಕ್ಕಿದ ಮೇಲೆ ಅಲ್ಲ.

ಕಷ್ಟವೆಂದರೆ ಸಿಯುಇಟಿಯೂ ಮೇ ಸುಮಾರಿಗೇ ಬರುತ್ತದೆ. ಎರಡನ್ನೂ ಒಂದೇ ತಿಂಗಳಲ್ಲಿ ಬರೆಯಹೊರಟರೆ ಎರಡೂ ಅರ್ಧಂಬರ್ಧ. ಸಿಯುಇಟಿ ವರ್ಷಕ್ಕೊಂದೇ ಸಲ, ಫೌಂಡೇಶನ್ ಸೆಪ್ಟೆಂಬರ್‌ಗೂ ಇದೆ. ಎರಡೂ ಬೇಕೆನ್ನುವವರು ಫೌಂಡೇಶನ್ನನ್ನೇ ಮುಂದೂಡುವುದು ಒಳ್ಳೆಯದು.

ಸಿಎಸ್ ಪ್ರವೇಶ ಪರೀಕ್ಷೆಗೂ ಸಿಎಂಎ ಫೌಂಡೇಶನ್‌ಗೂ 40, 50ರ ನಿಯಮವೇ. ಎರಡರಲ್ಲೂ ಅಂಕ ಕಡಿತವಿಲ್ಲ. ಕಂಪನಿ ಕಾನೂನಿನಲ್ಲೋ ಕಾಸ್ಟಿಂಗ್‌ನಲ್ಲೋ ಆಸಕ್ತಿ ಇದ್ದರೆ ಬರೆಯಿರಿ. ಸಿಎ ಆಗದಿದ್ದರೆ ಇರಲಿ ಎಂದು ಬರೆಯುವುದು ದುಡ್ಡು ದಂಡ.

ಈಗ ಯಾವುದನ್ನೂ ಬರೆಯದಿದ್ದರೂ ಸಿಎ ಬಾಗಿಲು ಮುಚ್ಚುವುದಿಲ್ಲ. ಬಿ.ಕಾಂನಲ್ಲಿ ಶೇ. 55 ಬಂದರೆ ಫೌಂಡೇಶನ್ ಇಲ್ಲದೆಯೇ ಇಂಟರ್‌ಮೀಡಿಯೇಟ್‌ಗೆ ಸೇರಬಹುದು. ಇದನ್ನು ಹೇಳಿದಾಗ ಅಬ್ಬಾ ಮುಖದಲ್ಲಿ ನಿರಾಳ ಕಂಡೆ.

ನಾನು ಸೆಪ್ಟೆಂಬರ್ ಫೌಂಡೇಶನ್ ಒಂದನ್ನೇ ಇಟ್ಟುಕೊಂಡಿದ್ದೇನೆ. ಸಂಖ್ಯಾಶಾಸ್ತ್ರದಲ್ಲಿ ನನ್ನ 40 ಇನ್ನೂ ಗಟ್ಟಿಯಿಲ್ಲ, ಏಪ್ರಿಲ್‌ನಿಂದ ಅದಕ್ಕೇ ಕೂರಬೇಕು.