ಎಂಆರ್‌ಐ ಅವಸರ ಬೇಡ, ಬೆನ್ನು ತುಳಿಸುವುದಂತೂ ಬೇಡವೇ ಬೇಡ

ಮಾನ್ವಿಯ ಓದುಗರೇ, ಭತ್ತದ ಚೀಲ ಎತ್ತಿದ ದಿನದಿಂದ ಸೊಂಟ ಹಿಡಿದಿದೆ, ನೋವು ಎಡಗಾಲಿನ ಹೆಬ್ಬೆರಳವರೆಗೆ ಎಳೆಯುತ್ತದೆ, ಕೆಮ್ಮಿದರೆ ಹೆಚ್ಚುತ್ತದೆ ಎಂದಿದ್ದೀರಿ. ಕೆಳಬೆನ್ನಿನ ಡಿಸ್ಕ್ ಉಬ್ಬಿ ನರವನ್ನು ಒತ್ತುತ್ತಿರಬಹುದು. ದೇವದುರ್ಗದ ನೆಂಟರ ಮಾತು ಕೇಳಿ ಬೆನ್ನು ತುಳಿಸಿಕೊಳ್ಳಬೇಡಿ.

ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ. ವೈದ್ಯರು ಅಂಗಾತ ಮಲಗಿಸಿ, ಮಂಡಿ ಮಡಚದೆ ಕಾಲೆತ್ತಿ ನೋಡುತ್ತಾರೆ. 30ರಿಂದ 70 ಡಿಗ್ರಿಯೊಳಗೆ ನೋವು ಮೊಣಕಾಲಿನ ಕೆಳಕ್ಕೆ ಇಳಿದರೆ ಅನುಮಾನ ಗಟ್ಟಿಯಾಗುತ್ತದೆ. ಹೆಬ್ಬೆರಳಿನ ಬಲ, ಚರ್ಮದ ಸ್ಪರ್ಶವನ್ನೂ ಪರೀಕ್ಷಿಸುತ್ತಾರೆ. ಎಕ್ಸ್‌ರೇಯಲ್ಲಿ ಡಿಸ್ಕ್ ಕಾಣದು. ಎಂಆರ್‌ಐಯಲ್ಲಿ ಕಾಣುತ್ತದೆ, ನಿಜ. ಆದರೆ ನೋವೇ ಇಲ್ಲದ ಎಷ್ಟೋ ಜನರಲ್ಲೂ ಉಬ್ಬಿದ ಡಿಸ್ಕ್ ಸಿಗುತ್ತದೆ. ಎಂಆರ್‌ಐಗಾಗಿ ಈಗಲೇ ಸಾಲ ಮಾಡುವುದು ನನಗೆ ಸರಿಕಾಣುವುದಿಲ್ಲ.

ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ಹಗುರಾಗುತ್ತದೆ. ಒಂದೆರಡು ದಿನಕ್ಕಿಂತ ಹೆಚ್ಚು ಹಾಸಿಗೆ ಹಿಡಿಯದೆ, ಸಹಿಸುವಷ್ಟು ನಡೆಯಿರಿ. ಚೀಲ ಹೊರುವುದು, ಬಗ್ಗಿ ನಾಟಿ ಮಾಡುವುದು ಸದ್ಯಕ್ಕೆ ನಿಲ್ಲಲಿ. ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಪೆಟ್ಟು. ನೋವು ತಗ್ಗಿದ ಮೇಲೆ ಫಿಸಿಯೋಥೆರಪಿಸ್ಟ್ ಬಳಿ ವ್ಯಾಯಾಮ ಕಲಿಯಿರಿ.

ಪಾದ ಎತ್ತಲಾಗದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ತೊಡೆಸಂದಿ ಮರಗಟ್ಟಿದರೆ ಬೆಳಗಿನವರೆಗೆ ಕಾಯಬೇಡಿ. 108ಕ್ಕೆ ಕರೆಮಾಡಿ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೊರಡಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.