ಕ್ವಾರ್ಟರ್, ಮಜ್ಜಿಗೆ ಮತ್ತು ನಮ್ಮ ಲಿವರ್



“ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಒಂದು ಕ್ವಾರ್ಟರ್, ಬೆಳಿಗ್ಗೆ ಎದ್ದು ಒಂದು ಲೋಟ ಮಜ್ಜಿಗೆ. ಲಿವರಿಗೆ ಏನೂ ಆಗುವುದಿಲ್ಲ.” ನಮ್ಮವರ ಬಾಯಲ್ಲಿ ಈ ಮಾತು ಕೇಳುವುದುಂಟು. ಇದರಲ್ಲಿ ಸ್ವಲ್ಪ ನಿಜವಿದೆ, ದೊಡ್ಡ ಅಪಾಯವೂ ಇದೆ.

*ಕರುಳಿಗೂ ಲಿವರಿಗೂ ಏನು ಸಂಬಂಧ?*
ಕರುಳಿನಿಂದ ಹೊರಟ ರಕ್ತ ಮೊದಲು ಹೋಗುವುದು ಲಿವರಿಗೆ. ದಿನವೂ ಹೆಚ್ಚು ಕುಡಿದರೆ ಕರುಳಿನ ಒಳಪದರ ಸಡಿಲವಾಗುತ್ತದೆ, ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ. ಕೆಟ್ಟ ಬ್ಯಾಕ್ಟೀರಿಯಾಗಳ ವಿಷಾಂಶ ರಕ್ತಕ್ಕೆ ಸೋರಿ ಲಿವರಿನಲ್ಲಿ ಉರಿಯೂತ ಎಬ್ಬಿಸುತ್ತದೆ. ಮದ್ಯ ನೇರವಾಗಿ ಮಾಡುವ ಹಾನಿಯ ಮೇಲೆ ಇದು ಎರಡನೇ ಪೆಟ್ಟು.

*ಪ್ರೊಬಯಾಟಿಕ್ ಏನು ಮಾಡೀತು?*
ದೇಹಕ್ಕೆ ಉಪಕಾರಿಯಾದ ಜೀವಂತ ಸೂಕ್ಷ್ಮಜೀವಿಗಳೇ ಪ್ರೊಬಯಾಟಿಕ್. ರಷ್ಯಾದ 66 ಮದ್ಯವ್ಯಸನಿಗಳ ಮೇಲೆ ನಡೆದ ಚಿಕ್ಕ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಲ್ಲಿ 5 ದಿನ ಪ್ರೊಬಯಾಟಿಕ್ ಪಡೆದವರ ಎಸ್‌ಜಿಒಟಿ, ಎಸ್‌ಜಿಪಿಟಿ ಉಳಿದವರಿಗಿಂತ ಕಡಿಮೆಯಾಗಿತ್ತು. ಚಂಡೀಗಢದ ಪಿಜಿಐ ವೈದ್ಯರು 130 ಸಿರೋಸಿಸ್ ರೋಗಿಗಳಲ್ಲಿ ನಡೆಸಿದ ಅಧ್ಯಯನ 2014ರಲ್ಲಿ ಬಂತು. 6 ತಿಂಗಳು ಪ್ರೊಬಯಾಟಿಕ್ ತೆಗೆದುಕೊಂಡವರು ಆಸ್ಪತ್ರೆ ಸೇರುವ ಸಂಭವ ಕಡಿಮೆಯಾಯಿತು.

ಆದರೆ ಇವರೆಲ್ಲ ವೈದ್ಯರ ಚಿಕಿತ್ಸೆಯಲ್ಲಿದ್ದವರು. ಕುಡಿಯುತ್ತಲೇ ಇರುವವನ ಲಿವರನ್ನು ಪ್ರೊಬಯಾಟಿಕ್ ಕಾಪಾಡುತ್ತದೆ ಎಂದು ಯಾರೂ ಸಾಬೀತು ಮಾಡಿಲ್ಲ.

*ಮನೆಯಲ್ಲಿ ನೆನಪಿಡಿ*
• ಮೊಸರು, ಮಜ್ಜಿಗೆ ಒಳ್ಳೆಯ ಆಹಾರ, ಆದರೆ ಔಷಧಿಯಲ್ಲ. ಇಡ್ಲಿ ಹಿಟ್ಟಿನ ಬ್ಯಾಕ್ಟೀರಿಯಾ ಹಬೆಯಲ್ಲಿ ಬೇಯುವಾಗ ಸಾಯುತ್ತವೆ.
• ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಉಪ್ಪು ಹಾಕಿದ ಮಜ್ಜಿಗೆ, ಉಪ್ಪಿನಕಾಯಿ ಬೇಡ.
• ಲಿವರ್ ಕಾಯಿಲೆ ಇದ್ದವರು ಪ್ರೊಬಯಾಟಿಕ್ ಕ್ಯಾಪ್ಸೂಲನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.
• ಕಣ್ಣು ಹಳದಿ, ಹೊಟ್ಟೆ ಊತ, ರಕ್ತವಾಂತಿ, ಕಪ್ಪು ಮಲ, ಮಾತಿನಲ್ಲಿ ಗೊಂದಲ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕಾಂದಿವಲಿ ಪಶ್ಚಿಮದಲ್ಲಿ ಪಾಲಿಕೆಯ ಶತಾಬ್ದಿ ಆಸ್ಪತ್ರೆ ಇದೆ.

*ಬಿಡುವಾಗಲೂ ಎಚ್ಚರ*
ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ವೈದ್ಯರ ಸಹಾಯದಿಂದಲೇ ಬಿಡಿಸಿ. ಸರ್ಕಾರದ ಟೆಲಿ ಮಾನಸ್ ಉಚಿತ ಸಂಖ್ಯೆ 14416, ಕನ್ನಡದಲ್ಲೂ ಮಾತಾಡಬಹುದು. ವ್ಯಸನಮುಕ್ತಿಗೆ 14446.

ಅಕ್ಕಂದಿರೇ, ಅಮ್ಮಂದಿರೇ, ಮನೆಯವರು ಕುಡಿದು ಬಂದರೆ ಬೈದು ಮಲಗಿಸಿ, ಬೆಳಿಗ್ಗೆ ಮಜ್ಜಿಗೆ ಕೊಟ್ಟು ಸಮಾಧಾನಪಡಬೇಡಿ. ಒಮ್ಮೆ ಎಲ್‌ಎಫ್‌ಟಿ ರಕ್ತಪರೀಕ್ಷೆ ಮಾಡಿಸಿ, ರಿಪೋರ್ಟ್ ಹಿಡಿದು ಜೊತೆಯಲ್ಲೇ ಡಾಕ್ಟರ ಬಳಿ ಹೋಗಿ. ಕುಡಿತ ಬಿಟ್ಟವರ ಲಿವರ್ ಆರಂಭದ ಹಂತದಲ್ಲಿ ಬಹಳಷ್ಟು ಚೇತರಿಸಿಕೊಳ್ಳುತ್ತದೆ. ಆ ಅವಕಾಶ ಕೈತಪ್ಪಬಾರದು.

ಬೇಕಾದ ಮನೆಗೆ ಈ ಸಂದೇಶ ತಲುಪಿಸಿ.