ಮೊದಲು ದಡ, ಆಮೇಲೆ ಈಸು

ಮೇಲೆ ಆಲಮಟ್ಟಿ ಅಣೆಕಟ್ಟು, ಕೆಳಗೆ ನಾರಾಯಣಪುರ ಅಣೆಕಟ್ಟು, ನಡುವೆ ಮುದ್ದೇಬಿಹಾಳ. ಸಿಂದಗಿ, ಇಂಡಿ ಕಡೆಗೂ ಕಾಲುವೆ ಹರಿದಿದೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ಹೊಲಗಳಲ್ಲಿ ಕೃಷಿ ಹೊಂಡಗಳೂ ಬಂದಿವೆ. ಬರದ ಸೀಮೆ ಅನಿಸಿಕೊಂಡಿದ್ದ ಊರುಗಳಲ್ಲಿ ಈಗ ಮನೆಯಿಂದ ನಾಲ್ಕು ಹೆಜ್ಜೆಗೆ ಆಳದ ನೀರು. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ನೀರಿನ ಸೆಳೆತ ಜಾಸ್ತಿ. ಹೇಳದೆ ಕೇಳದೆ ಮನೆ ಬಿಟ್ಟು ಹೊರಡುವ ರೂಢಿಯೂ ಉಂಟು. ಅಮೆರಿಕದ ಸಾವಿನ ದಾಖಲೆಗಳನ್ನು ಜಾಲಾಡಿದ 2017ರ ಅಧ್ಯಯನವೊಂದು, 14 ವರ್ಷದವರೆಗಿನ ಇಂಥ ಮಕ್ಕಳು ನೀರಲ್ಲಿ ಮುಳುಗಿ ಸಾಯುವ ಸಾಧ್ಯತೆ ಉಳಿದ ಮಕ್ಕಳಿಗಿಂತ 160 ಪಟ್ಟು ಎಂದಿತು. ಆದ್ದರಿಂದ ಇಂಥ ಮಕ್ಕಳಿಗೆ ಈಸು ಕಲಿಸುವವರೇ, ಮೊದಲು ಜೀವ ಉಳಿಯುವ ಪಾಠ, ಪದಕದ ಮಾತು ಆಮೇಲೆ.

1. ಹೊರಗೆ ಬರುವುದೇ ಮೊದಲ ಪಾಠ

ಸಾಮಾನ್ಯವಾಗಿ ಕಾಲು ಬಡಿಯುವುದರಿಂದ ಶುರುಮಾಡುತ್ತಾರೆ. ಇಲ್ಲಿ ಕೊನೆಯಿಂದ ಶುರುಮಾಡಿ. ಮಗುವನ್ನು ಎದೆಮಟ್ಟದ ನೀರಲ್ಲಿ ಗೋಡೆಗೆ ಆನಿಸಿ ನಿಲ್ಲಿಸಿ, ಮೊಣಕೈ ಊರಿ ಮೇಲೇರುವುದನ್ನು ಮಾಡಿಸಿ. ಅದು ಸಲೀಸಾದ ಮೇಲೆ ಗೋಡೆಯಿಂದ ಒಂದು ಮೊಳ ದೂರ, ಆಮೇಲೆ ಎರಡು ಮೊಳ. ನಂತರ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ, ತಾನೇ ತಿರುಗಿ ಹಿಡಿಯಲಿ. ಹೀಗೆ ಮಾಡಿದರೆ ಪ್ರತಿ ಸಲವೂ ಮಗು ಗೆದ್ದೇ ಮುಗಿಸುತ್ತದೆ. ಇದಾದ ಮೇಲೆ ಅಂಗಾತ ತೇಲುವುದು. ಕೈ ಬೀಸುವ ಚೆಂದ, ಉಸಿರಿನ ಲೆಕ್ಕ ಎಲ್ಲ ಮುಂದಿನ ವರ್ಷಕ್ಕಾದರೂ ನಡೆದೀತು.

2. ಗಿಡ್ಡ ಮಾತು, ಒಂದೇ ಮಾತು

"ಹೆದರಬ್ಯಾಡೋ ತಮ್ಮಾ, ನಾ ಅದೀನಲ್ಲ, ಒಂದೀಟು ಕಾಲು ಬಡಿ ನೋಡೂಣು" ಅಂದರೆ ಮಗುವಿಗೆ ಯಾವುದನ್ನು ಹಿಡಿಯಬೇಕೋ ತಿಳಿಯದು. "ಕಾಲು ಬಡಿ" ಸಾಕು. ಹೇಳಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಅಷ್ಟರಲ್ಲಿ ಮತ್ತೊಮ್ಮೆ ಹೇಳಿದಿರೋ, ಮಗು ಮೊದಲಿಂದ ಅರ್ಥ ಮಾಡಿಕೊಳ್ಳಬೇಕಾಗುತ್ತದೆ. ಮನೆಯಲ್ಲಿ ಅವ್ವ "ಗ್ವಾಡಿ" ಅನ್ನುತ್ತಿದ್ದರೆ ನೀವೂ "ಗ್ವಾಡಿ ಹಿಡಿ" ಅನ್ನಿ. ಗೋಡೆ, ವಾಲ್, ಕಟ್ಟೆ ಎಂದು ದಿನಕ್ಕೊಂದು ಹೆಸರಿಡಬೇಡಿ.

3. ನೂಕಬೇಡಿ

ನಡಕ್ಕೆ ಹಗ್ಗ ಕಟ್ಟಿ ಬಾವಿಗೆ ನೂಕಿ ಈಸು ಕಲಿಸಿದ ಮಾವಂದಿರು ಊರೂರಲ್ಲಿದ್ದಾರೆ. ಅವರ ಮೇಲೆ ಗೌರವವಿರಲಿ, ಅವರ ವಿಧಾನ ಬೇಡ. ಒಮ್ಮೆ ಬೆದರಿದ ಮಗು ಮತ್ತೆ ಬಚ್ಚಲಿಗೂ ಕಾಲಿಡದಂತಾಗಬಹುದು.

4. ಚಿತ್ರ ತೋರಿಸಿ, ಹರಳು ಎಣಿಸಿ

ಚಪ್ಪಲಿ ಬಿಡುವುದು, ಮೈ ತೊಯ್ಯಿಸುವುದು, ಮೆಟ್ಟಿಲು, ನೀರು, ಟವೆಲ್, ಕೊನೆಗೆ ಮಗುವಿನ ಇಷ್ಟದ ಬಿಸ್ಕೀಟು. ಆ ಜಾಗದಲ್ಲೇ ಮೊಬೈಲಿನಿಂದ ಫೋಟೊ ತೆಗೆದು, ಲ್ಯಾಮಿನೇಟ್ ಮಾಡಿಸಿ ಸಾಲಾಗಿ ತೂಗುಹಾಕಿ. ಒಂದೊಂದು ಮುಗಿದಂತೆ ಮಗುವೇ ಫೋಟೊ ತೆಗೆದಿಡಲಿ. "ಇನ್ನೈದು ನಿಮಿಷ" ಅನ್ನುವುದು ಅದರ ಕಣ್ಣಿಗೆ ಕಾಣದ ಸಂಗತಿ. ದಂಡೆಯ ಮೇಲೆ ಐದು ಹರಳು ಇಡಿ. ಒಂದು ಸಲ ಗೋಡೆ ಮುಟ್ಟಿದರೆ ಒಂದು ಹರಳು ಡಬ್ಬಿಗೆ. ಐದೂ ಮುಗಿದ ಮೇಲೆ, ಚೆನ್ನಾಗಿ ಮಾಡುತ್ತಿದೆ ಎಂದು ಆರನೆಯದನ್ನು ತರಬೇಡಿ. ಕೊಟ್ಟ ಮಾತು ಕೆಟ್ಟರೆ ನಾಳೆ ಎಣಿಕೆಗೆ ಬೆಲೆಯಿಲ್ಲ.

5. ಸೀಟಿ ಬೇಡ

ಗದ್ದಲವಿಲ್ಲದ ಹೊತ್ತು ಆರಿಸಿ. ಕಿವಿ ಮುಚ್ಚಿಕೊಂಡು ಕೂತ ಮಗು ಹಟ ಮಾಡುತ್ತಿಲ್ಲ, ಸದ್ದು ತಡೆಯಲಾಗದೆ ಕೂತಿದೆ. ಟೋಪಿ, ಕನ್ನಡಕ ಮೊದಲು ಮನೆಯಲ್ಲಿ ರೂಢಿಯಾಗಲಿ. ನೆಲದ ಮೇಲೆ ಒಂದೆಡೆ ನಿಲ್ಲದ ಎಷ್ಟೋ ಮಕ್ಕಳು ನೀರಿಗಿಳಿದರೆ ತಣ್ಣಗಾಗುತ್ತಾರೆ. ಮೈಸುತ್ತ ಸಮನಾಗಿ ಒತ್ತುವ ನೀರು ಅವರಿಗೆ ಹಿತ.

6. ಫಿಟ್ಸ್ ಬರುತ್ತದೆಯೇ, ಕೇಳಿ

ಆಟಿಸಂ ಜೊತೆ ಮೂರ್ಛೆರೋಗ ಇರುವುದು ಅಪರೂಪವಲ್ಲ. ತಾಯಿ ತಾವಾಗಿ ಹೇಳಲಿಕ್ಕಿಲ್ಲ. ಇದ್ದರೆ ಡಾಕ್ಟರ ಒಪ್ಪಿಗೆಯಿಲ್ಲದೆ ನೀರಿಗಿಳಿಸಬೇಡಿ.

7. ಖಾಲಿ ಡಬ್ಬಿಯನ್ನು ನೆಚ್ಚಬೇಡಿ

1949ರಲ್ಲಿ ಲಂಡನ್ನಿನ ಹ್ಯಾಲಿವಿಕ್ ಶಾಲೆಯ ಅಂಗವಿಕಲ ಹುಡುಗಿಯರಿಗೆ ಈಜು ಕಲಿಸಿದ ಜೇಮ್ಸ್ ಮ್ಯಾಕ್‌ಮಿಲನ್ ಪದ್ಧತಿಯಲ್ಲಿ ತೇಲುವ ಸಾಧನ ಇಲ್ಲವೇ ಇಲ್ಲ. ಒಂದು ಮಗುವಿಗೆ ಒಬ್ಬರು ಜೊತೆಗಾರರು. ನಮ್ಮಲ್ಲಿ ಬೆನ್ನಿಗೆ ಡಬ್ಬಿ ಕಟ್ಟುತ್ತೇವೆ. ನೀರು ತನ್ನನ್ನು ತೇಲಿಸುತ್ತದೆ ಎಂದೇ ಮಗು ನಂಬುತ್ತದೆ, ಡಬ್ಬಿಯ ಲೆಕ್ಕ ಅದಕ್ಕಿಲ್ಲ. ಮಗುವಿಗೊಬ್ಬ ಕೋಚ್ ಎಲ್ಲಿಂದ ತರೋಣ ಅನ್ನುತ್ತೀರಾ? ಅಣ್ಣ, ಕಾಕಾ, ಕಾಲೇಜಿನ ಹುಡುಗರನ್ನು ತಯಾರು ಮಾಡಿ. ಮುಟ್ಟುವ ಮುಂಚೆ ಹೇಳಬೇಕು, ಮುಟ್ಟಿದರೆ ಗಟ್ಟಿಯಾಗಿ ಹಿಡಿಯಬೇಕು ಎಂಬುದನ್ನು ಅವರಿಗೆ ಕಲಿಸಿ.

8. ಜಿಯಾ ರಾಯ್ ಕತೆ ಒಮ್ಮೆ ಮಾತ್ರ ಹೇಳಿ

ಮುಂಬೈನ ಈ ಹುಡುಗಿಗೆ ಆಟಿಸಂ ಇದೆ. 2022ರ ಮಾರ್ಚಿನಲ್ಲಿ, 13ನೇ ವಯಸ್ಸಿಗೆ, ಶ್ರೀಲಂಕಾದ ತಲೈಮನ್ನಾರಿನಿಂದ ಧನುಷ್ಕೋಡಿಗೆ 13 ತಾಸಿನಲ್ಲಿ ಈಜಿ ಬಂದಳು. ಕೇಳಿದ ತಂದೆತಾಯಿಗೆ ಧೈರ್ಯ ಬರುತ್ತದೆ. ದಿನಾ ಹೇಳಿದರೆ ತಮ್ಮ ಮಗುವನ್ನು ಅಳೆಯಲು ಶುರುಮಾಡುತ್ತಾರೆ. ಈ ತಿಂಗಳು ಅಳದೆ ತಲೆ ತೊಯ್ಯಿಸಿಕೊಂಡಿತೇ? ಅದನ್ನು ಬರೆದಿಡಿ.

9. ಅಂಗಿ ಚಡ್ಡಿಯಲ್ಲೂ ಈಸಲಿ

ನೀಲಿ ಟೈಲ್ಸಿನ ಕೊಳದಲ್ಲಿ ಕಲಿತದ್ದು ಕೆಂಪು ನೀರಿನ ಕಾಲುವೆಗೆ ತಾನಾಗಿ ದಾಟುವುದಿಲ್ಲ. ಕೊಳದಲ್ಲೇ ಶಾಲೆಯ ಯೂನಿಫಾರ್ಮಿನಲ್ಲೊಮ್ಮೆ ಹೊರಗೆ ಬರುವ ಪಾಠವಾಗಲಿ. ಆದರೂ ಕೃಷಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ, ಕಾಲುವೆಯ ಸಿಮೆಂಟು ಇಳಿಜಾರು ಎರಡೂ ಜಾರುತ್ತವೆ. ಈಸು ಬಲ್ಲ ದೊಡ್ಡವರಿಗೇ ಹತ್ತಲಾಗದು. ಹೊಂಡಕ್ಕೆ ಬೇಲಿ ಹಾಕಿ. ಗಂಟು ಹಾಕಿದ ದಪ್ಪ ಹಗ್ಗವನ್ನು ಗೂಟಕ್ಕೆ ಬಿಗಿದು ನೀರಿನವರೆಗೂ ಇಳಿಬಿಡಿ, ನಾಲ್ಕೂ ಬದಿಗೆ. ಬಿಸಿಲಿಗೆ ನೈಲಾನ್ ಎಳೆ ಪೆಡಸಾಗಿ ಹರಿಯುತ್ತದೆ. ಪ್ರತಿ ಬೇಸಿಗೆ ಮುಗಿದಾಗ ಜಗ್ಗಿ ನೋಡಿ, ಹೊಸದು ಕಟ್ಟಿ.